ಮತ್ರಾದ ಮಾಂಸದೂಟ: ಕೆಂಡ ಇಲ್ಲಿಯದು, ಅಕ್ಕಿ ನಮ್ಮ ಕರಾವಳಿಯದು

ಮಸ್ಕತ್ತಿನ ದೊಡ್ಡ ಹೋಟೆಲುಗಳಲ್ಲಿ ಇಂದು ಅಮೆರಿಕದ ಮಾದರಿಯ ಸ್ಟೀಕ್‌ಹೌಸ್‌ಗಳಿವೆ. ಹೊರದೇಶದಿಂದ ಹೆಪ್ಪುಗಟ್ಟಿ ಬಂದ ಮಾಂಸ, ಬಿಳಿ ಮೇಜುಬಟ್ಟೆ, ಚಾಕು-ಮುಳ್ಳು. ಆದರೆ ‘ಗ್ರಿಲ್ ತಿನ್ನೋಣ’ ಎಂದು ಮಕ್ಕಳು ಹಟ ಹಿಡಿದಾಗ ನಮ್ಮಲ್ಲಿ ಹಲವರ ಕಾರು ತಿರುಗುವುದು ಮತ್ರಾದ ಕಡಲದಂಡೆಯ ಕಡೆಗೆ. ಕಡ್ಡಿಗೆ ಚುಚ್ಚಿ ಕೆಂಡದ ಮೇಲೆ ಸುಟ್ಟ ಮಿಷ್ಕಾಕ್, ಜೊತೆಗೆ ಹುಣಸೆಯ ಹುಳಿ, ಖುಬ್ಸ್ ಅಥವಾ ಅನ್ನ. ಈ ಊಟ ಎಷ್ಟು ಹಳೆಯದು, ಅದರಲ್ಲಿ ನಮ್ಮ ನಾಡಿನ ಪಾಲೇನು ಎಂದು ಕೇಳಿಕೊಂಡು ಹೊರಟಾಗ ನನಗೆ ಸಿಕ್ಕ ಉತ್ತರ ಇಷ್ಟು: ಮಾಂಸ ಒಮಾನಿನ ಒಳನಾಡಿನದು, ಅದರ ಕೆಳಗಿನ ಅನ್ನದಲ್ಲಿ ಬಹುಕಾಲ ನಮ್ಮ ಕರಾವಳಿಯ ದೊಡ್ಡ ಪಾಲಿತ್ತು, ರಾತ್ರಿ ಅಂಗಡಿಯ ಮುಂದೆ ಕುಳಿತು ತಿನ್ನುವ ರೂಢಿ ಮಾತ್ರ ತೀರ ಇತ್ತೀಚಿನದು.

ಮೊದಲು ಮಾಂಸದ ಮಾತು. ಒಳನಾಡಿನಿಂದ ಸಮಾಯಿಲ್ ಕಣಿವೆಯ ದಾರಿ ಹಿಡಿದು ಬರುತ್ತಿದ್ದ ಒಂಟೆಗಳ ಸಾಲು ಬಂದು ನಿಲ್ಲುತ್ತಿದ್ದುದು ಮತ್ರಾದಲ್ಲಿ. ಬೆಟ್ಟಗಳ ನಡುವೆ ಇಕ್ಕಟ್ಟಾಗಿರುವ ಮಸ್ಕತ್ ಅರಮನೆಯ ಊರಾದರೆ, ಮತ್ರಾ ವ್ಯಾಪಾರದ ಊರು. ಒಳನಾಡಿನ ಖರ್ಜೂರ, ನಿಂಬೆ, ಆಡು-ಕುರಿ ಇಲ್ಲಿಗೆ ಇಳಿಯುತ್ತಿದ್ದವು. ಮರಳುವ ಒಂಟೆಗಳ ಮೇಲೆ ಅಕ್ಕಿ, ಬಟ್ಟೆ, ಕಾಫಿ, ಸಂಬಾರ ಪದಾರ್ಥಗಳು ಏರುತ್ತಿದ್ದವು. ಹಾಗೆಂದು ಮತ್ರಾದ ಜನ ದಿನಾ ಮಾಂಸ ತಿನ್ನುತ್ತಿದ್ದರೆಂದಲ್ಲ. ನಮ್ಮ ಕರಾವಳಿಯಂತೆ ಇಲ್ಲಿಯೂ ದಿನದೂಟಕ್ಕೆ ಮೀನೇ ಆಧಾರ. ಮಾಂಸ ಹಬ್ಬಕ್ಕೆ, ಮದುವೆಗೆ, ಮನೆಗೆ ಬಂದ ಅತಿಥಿಗೆ.

ಒಮಾನಿನ ಈದ್ ಹಬ್ಬದ ಅಡುಗೆಯಲ್ಲಿ ಈ ಕ್ರಮ ಇಂದಿಗೂ ಕಾಣುತ್ತದೆ. ಊರಿಂದೂರಿಗೆ ದಿನ ಹಿಂದುಮುಂದಾದರೂ, ಮೊದಲು ಅಕ್ಕಿ-ಮಾಂಸವನ್ನು ಒಟ್ಟಿಗೆ ಬೇಯಿಸಿ ಮಸೆದ ಅರ್ಸಿಯಾ, ಆಮೇಲೆ ಮಿಷ್ಕಾಕ್, ಕೊನೆಗೆ ಶುವಾ. ಶುವಾ ಎಂದರೆ ಮೆಣಸು, ಏಲಕ್ಕಿ, ಲವಂಗ, ಜೀರಿಗೆ, ಬೆಳ್ಳುಳ್ಳಿ, ವಿನೆಗರ್ ಅರೆದು ಹಚ್ಚಿದ ಮಾಂಸವನ್ನು ಬಾಳೆಲೆಯಲ್ಲೋ ಖರ್ಜೂರದ ಗರಿಯಲ್ಲೋ ಸುತ್ತಿ, ಗರಿಯಿಂದ ಹೆಣೆದ ಚೀಲದಲ್ಲಿ ತುಂಬಿ, ನೆಲದೊಳಗಿನ ಕೆಂಡದ ಗುಂಡಿಗೆ ಇಳಿಸಿ ಬಾಯಿ ಮುಚ್ಚುವುದು. ಒಂದೆರಡು ದಿನ ಕಳೆದು ತೆಗೆದರೆ ಮಾಂಸ ಬೆರಳಿಗೆ ಬಿಡಿಸಿಕೊಳ್ಳುತ್ತದೆ. ಗುಂಡಿ ಹೆಚ್ಚಾಗಿ ಇಡೀ ಕೇರಿಗೆ ಒಂದೇ. ಯಾರ ಚೀಲ ಯಾರದೆಂದು ತಿಳಿಯಲು ಪ್ರತಿ ಮನೆಯವರೂ ಗುರುತು ಕಟ್ಟುತ್ತಾರೆ. ಇದು ಕಾಸು ಕೊಟ್ಟು ತರಿಸುವ ಊಟವಾಗಿರಲಿಲ್ಲ; ಕೇರಿಯವನಾಗಿದ್ದರೆ ಮಾತ್ರ ಸಿಗುವ ಊಟವಾಗಿತ್ತು.

ಇನ್ನು ಅಕ್ಕಿ. ಫಲಜ್ ಕಾಲುವೆಗಳ ನೀರಿನಲ್ಲಿ ಖರ್ಜೂರ, ಗೋಧಿ, ಕುದುರೆಮೇವಿನ ಸೊಪ್ಪು ಬೆಳೆಯುವ ಒಮಾನಿನಲ್ಲಿ ಭತ್ತದ ಗದ್ದೆಗಳಿರಲಿಲ್ಲ. ಅಕ್ಕಿ ಕಡಲಿನ ಆಚೆಯಿಂದಲೇ ಬರಬೇಕು. ಮಳೆಗಾಲ ಮುಗಿದು ನಮ್ಮ ಗದ್ದೆಗಳ ಕೊಯ್ಲು ಆಗುವ ಹೊತ್ತಿಗೆ ಗಾಳಿ ಈಶಾನ್ಯಕ್ಕೆ ತಿರುಗುತ್ತದೆ. ಮಂಜಿಗಳು ಹಾಯಿ ಬಿಚ್ಚಿ ಅರಬರ ತೀರಕ್ಕೆ ಹೊರಡಲು ಅದೇ ಸಮಯ. ಪೋರ್ಚುಗೀಸರು 1507ರಲ್ಲಿ ಮಸ್ಕತ್ತನ್ನು ಹಿಡಿದವರು, 1568-69ರಲ್ಲಿ ಮಂಗಳೂರು, ಹೊನ್ನಾವರ, ಬಸ್ರೂರುಗಳಲ್ಲಿ ಕೋಟೆ ಕಟ್ಟಿದರು. ಆ ಕೋಟೆಗಳ ಮುಖ್ಯ ಉದ್ದೇಶಗಳಲ್ಲಿ ಒಂದು ಅಕ್ಕಿಯ ಸರಬರಾಜು. ಗೋವಾ, ಹೊರ್ಮುಜ್, ಮಸ್ಕತ್ತುಗಳ ಅವರ ಪಡೆಗೆ ಅನ್ನ ಹಾಕಿದ್ದು ಕೆನರಾದ ಗದ್ದೆಗಳು. 1650ರ ಜನವರಿಯಲ್ಲಿ ಒಮಾನಿಗಳು ಮಸ್ಕತ್ತಿನಿಂದ ಅವರನ್ನು ಹೊರಗಟ್ಟಿದರು. ಮುಂದಿನ ನಾಲ್ಕೈದು ವರ್ಷಗಳಲ್ಲಿ ಕೆಳದಿಯ ಶಿವಪ್ಪನಾಯಕ ಕರಾವಳಿಯ ಕೋಟೆಗಳಿಂದ ಅವರನ್ನು ತೆರವುಗೊಳಿಸಿದ. ಹೀಗೆ ಒಂದೇ ಅಕ್ಕಿದಾರಿಯ ಎರಡು ತುದಿಗಳೂ ಹೆಚ್ಚುಕಡಿಮೆ ಒಟ್ಟಿಗೆ ಪರಂಗಿಯವರ ಕೈ ತಪ್ಪಿದವು. ದಾರಿ ಮಾತ್ರ ನಿಲ್ಲಲಿಲ್ಲ.

ಹದಿನೆಂಟನೇ ಶತಮಾನದಲ್ಲಿ ಟಿಪ್ಪು ಸುಲ್ತಾನ್ ಮಸ್ಕತ್ತಿನಲ್ಲಿ ಮೈಸೂರಿನದೇ ಒಂದು ವ್ಯಾಪಾರದ ಕೋಠಿ ಇಟ್ಟಿದ್ದ. ಅಲ್ಲಿನ ದರೋಗನಿಗೆ ಟಿಪ್ಪು ಬರೆಸಿದ ಪತ್ರಗಳು 1811ರಲ್ಲಿ ಕರ್ಕ್‌ಪ್ಯಾಟ್ರಿಕ್ ಇಂಗ್ಲಿಷಿಗೆ ತಂದ ಸಂಗ್ರಹದಲ್ಲಿವೆ. ಶ್ರೀಗಂಧ, ಕರಿಮೆಣಸು, ಏಲಕ್ಕಿ, ಅಕ್ಕಿ ಇವೇ ಮೈಸೂರಿನ ಕಡೆಯಿಂದ ಹೋಗುತ್ತಿದ್ದ ಸರಕು. ಶುವಾದ ಮಸಾಲೆಯ ಪಟ್ಟಿಯನ್ನು ಇದರ ಪಕ್ಕದಲ್ಲಿಟ್ಟು ನೋಡಿ: ಮೆಣಸು, ಏಲಕ್ಕಿ ಎರಡೂ ನಮ್ಮ ಮಲೆನಾಡಿನ ಬೆಳೆಗಳು. ಪ್ರತಿಯಾಗಿ ಬಂದದ್ದರಲ್ಲಿ ಒಂದನ್ನು ನಾವು ಈಗಲೂ ಮದುವೆಯ ತಟ್ಟೆಯಲ್ಲಿಡುತ್ತೇವೆ. ಒಮಾನಿನಲ್ಲಿ ಖರ್ಜೂರದ ಕಾಯಿಯನ್ನು ಬೇಯಿಸಿ ಒಣಗಿಸಿ ಭಾರತಕ್ಕೆ ಕಳಿಸುವ ವ್ಯಾಪಾರ ದೊಡ್ಡದಿತ್ತು. ಅಂಥ ಒಣಖರ್ಜೂರವೇ ನಮ್ಮ ಉತ್ತುತ್ತೆ.

ಈ ಸರಕನ್ನು ಕೊಂಡು ಮಾರಿದವರಲ್ಲಿ ಮಾಂಸ ಮುಟ್ಟದವರೂ ಇದ್ದರು. 1765ರಲ್ಲಿ ಮಸ್ಕತ್ತಿಗೆ ಬಂದ ಕಾರ್ಸ್ಟನ್ ನೀಬೂರ್, ಇಲ್ಲಿ 1,200ಕ್ಕೆ ಕಡಿಮೆಯಿಲ್ಲದಷ್ಟು ಹಿಂದೂ ವರ್ತಕರಿದ್ದು ತಮ್ಮ ಧರ್ಮದಂತೆ ಬಾಳುತ್ತಿದ್ದಾರೆ, ಮನೆಯಲ್ಲಿ ದೇವರ ಮೂರ್ತಿ ಇಟ್ಟುಕೊಳ್ಳಲು ತಡೆಯಿಲ್ಲ ಎಂದು ಬರೆದಿದ್ದಾನೆ. ಆಮೇಲಿನ ಕಾಲದಲ್ಲಿ ಕಚ್ಛಿನ ಭಾಟಿಯಾಗಳು ಮಸ್ಕತ್ತಿನಲ್ಲೂ ಮತ್ರಾದಲ್ಲೂ ಪ್ರಮುಖ ವರ್ತಕರಾದರು. ಅವರು ತೂಗಿ ಕೊಟ್ಟ ಅಕ್ಕಿ ನೆರೆಯವರ ಮಾಂಸದೂಟಕ್ಕೆ ಹೋಗುತ್ತಿತ್ತು. ಅವರ ಒಲೆಯಲ್ಲಿ ಬೇಳೆ ಬೇಯುತ್ತಿತ್ತು. ನಮ್ಮ ಸಂಘದ ಹಬ್ಬದೂಟದಲ್ಲಿ ಸಸ್ಯಾಹಾರ, ಮಾಂಸಾಹಾರದ ಸಾಲುಗಳು ಎಲ್ಲಿರಬೇಕೆಂದು ಚರ್ಚೆ ಎದ್ದಾಗಲೆಲ್ಲ ನನಗೆ ಈ ಮಾತು ನೆನಪಾಗುತ್ತದೆ.

ಕಡ್ಡಿಗೆ ಚುಚ್ಚಿದ ಮಾಂಸಕ್ಕೆ ಇನ್ನೊಂದು ತೀರದ ನಂಟೂ ಇದೆ. ಸಯ್ಯಿದ್ ಸಯೀದ್ ಬಿನ್ ಸುಲ್ತಾನ್ 1840ರ ಸುಮಾರಿಗೆ ತನ್ನ ಆಸ್ಥಾನವನ್ನೇ ಜಾಂಜಿಬಾರಿಗೆ ಒಯ್ದ. ಅಲ್ಲಿಯ ಲವಂಗ ಒಮಾನಿನ ಅಡುಗೆಮನೆಗೆ ಬಂತು. ಅಲ್ಲಿಯ ಬೀದಿಯಲ್ಲಿ ಇದೇ ತಿನಿಸಿನ ಹೆಸರು ಮಿಷ್ಕಾಕಿ. 1964ರ ಕ್ರಾಂತಿಯ ನಂತರ, ಅದರಲ್ಲೂ 1970ರ ನಂತರ, ಜಾಂಜಿಬಾರಿನ ಒಮಾನಿ ಕುಟುಂಬಗಳು ಇಲ್ಲಿಗೆ ಮರಳಿದಾಗ ಆ ರುಚಿಯೂ ಜೊತೆಗೆ ಬಂತು.

ಇಷ್ಟೆಲ್ಲ ಇದ್ದರೂ ರಾತ್ರಿ ಹೊರಗೆ ಹೋಗಿ ಉಣ್ಣುವುದು ಇಲ್ಲಿ ಸುಲಭವಿರಲಿಲ್ಲ. ಸುಲ್ತಾನ್ ಸಯೀದ್ ಬಿನ್ ತೈಮೂರರ ಕಾಲದಲ್ಲಿ ಮಸ್ಕತ್ ಪಟ್ಟಣದ ಹೆಬ್ಬಾಗಿಲನ್ನು ಸೂರ್ಯ ಮುಳುಗಿದ ಮೂರು ಗಂಟೆಗೆ ಮುಚ್ಚುತ್ತಿದ್ದರು. ಆಮೇಲೆ ಬೀದಿಯಲ್ಲಿ ನಡೆಯುವವರ ಕೈಯಲ್ಲಿ ಲಾಟೀನು ಇರಲೇಬೇಕು. ಇಡೀ ದೇಶದಲ್ಲಿ ಡಾಂಬರು ರಸ್ತೆ ಇದ್ದದ್ದು ಸುಮಾರು 10 ಕಿಲೋಮೀಟರ್. 1970ರ ಜುಲೈ 23ರಂದು ಸುಲ್ತಾನ್ ಕಾಬೂಸ್ ಪಟ್ಟಕ್ಕೆ ಬಂದ ಮೇಲೆ ಬಾಗಿಲುಗಳು ತೆರೆದವು. ಮತ್ರಾದಲ್ಲಿ ಮಿನಾ ಕಾಬೂಸ್ ಬಂದರು ಎದ್ದಿತು, ಕಡಲದಂಡೆಯ ರಸ್ತೆ ಬಂತು, ದೀಪ ಬಂತು. ಮನೆಯನ್ನು ದೂರ ಬಿಟ್ಟು ಬಂದ ಕೂಲಿಕಾರರು, ನಾವಿಕರು, ಗುಮಾಸ್ತರು ನೆರೆದರು. ಹಬ್ಬದ ಎರಡನೆಯ ದಿನದ ಊಟ ಯಾವ ದಿನವಾದರೂ ಸಿಗುವ ಊಟವಾದದ್ದು ಆಗಲೇ.

2014ರಲ್ಲಿ ಸರಕು ಹಡಗುಗಳು ಸೊಹಾರಿಗೆ ಹೋದವು. ಈಗ ಮತ್ರಾಕ್ಕೆ ಬರುವುದು ಪ್ರವಾಸಿಗರ ಹಡಗುಗಳು. ಹೋಟೆಲಿನ ಪಟ್ಟಿಯಲ್ಲಿ ಶುವಾ ಕೂಡ ಇದೆ, ಹೆಚ್ಚಿನ ಕಡೆ ಒಲೆಪೆಟ್ಟಿಗೆಯಲ್ಲಿ ಬೆಂದದ್ದು. ಅದರ ಕೆಳಗಿನ ಅನ್ನ ಬಾಸ್ಮತಿ. ಕೇರಿಯ ಗುಂಡಿಯೂ ನಮ್ಮ ಕರಾವಳಿಯ ಅಕ್ಕಿಯೂ ಆ ತಟ್ಟೆಯಿಂದ ಸದ್ದಿಲ್ಲದೆ ಸರಿದಿವೆ.

ಎಣ್ಣೆ ಸಿಕ್ಕ ಮೇಲೆ ದುಡಿಯಲು ಬಂದವರು ನಾವು ಎಂದು ನಮ್ಮ ಮಕ್ಕಳಿಗೆ ಹೇಳುತ್ತಾ ಬಂದಿದ್ದೇವೆ. ನಮ್ಮ ಮಟ್ಟಿಗೆ ಅದು ನಿಜ. ಆದರೆ ನಮಗಿಂತ ನಾನ್ನೂರು ವರ್ಷ ಮೊದಲೇ ಬಸ್ರೂರಿನ ಸುತ್ತಿನ ಗದ್ದೆಗಳಲ್ಲಿ ಮೊಣಕಾಲುದ್ದ ಕೆಸರಿನಲ್ಲಿ ನಿಂತು ನೇಜಿ ನೆಟ್ಟವರ ಬೆಳೆ ಈ ದಂಡೆಗೆ ಬಂದು ಇಳಿಯುತ್ತಿತ್ತು. ಅವರು ಮತ್ರಾವನ್ನು ಕಂಡವರಲ್ಲ, ಅವರ ಹೆಸರು ಯಾವ ಕೋಠಿಯ ಲೆಕ್ಕಪುಸ್ತಕದಲ್ಲೂ ಇಲ್ಲ. ಮಕ್ಕಳಿಗೆ ಮಿಷ್ಕಾಕ್ ಕೊಡಿಸುವಾಗ ಅವರ ವಿಷಯವನ್ನೂ ಎರಡು ಮಾತು ಹೇಳೋಣ.