ಸಮಾಧಿಗೆ ಮೊದಲು ಹೋದವರು

ಆರ್.ಟಿ. ನಗರದ ನಮ್ಮ ಬೀದಿಯಲ್ಲಿ ಒಬ್ಬರು ಆಂಟಿ ಇದ್ದರು. ಈಸ್ಟರ್ ದಿನ ನಾವಿನ್ನೂ ಹೊದ್ದು ಮಲಗಿರುವಾಗಲೇ ಎದ್ದು, ಹೂವು, ಮೇಣದಬತ್ತಿ ಹಿಡಿದು ಸ್ಮಶಾನಕ್ಕೆ ಹೊರಡುತ್ತಿದ್ದರು. ಹಬ್ಬದ ದಿನ ಯಾರಾದ್ರೂ ಅಲ್ಲಿಗೆ ಹೋಗ್ತಾರಾ ಅಂತ ನನಗೆ ಆಶ್ಚರ್ಯ. ಒಂದ್ಸಲ ಕೇಳೇಬಿಟ್ಟೆ. "ಹಬ್ಬ ಶುರುವಾಗಿದ್ದೇ ಅಲ್ಲಿ ಕಣಪ್ಪಾ. ಮೊದಲು ಹೋದೋರೂ ಹೆಂಗಸರೇ" ಅಂದರು.

ನಾನು ಕ್ರೈಸ್ತನಲ್ಲ. ಆದರೂ ಆ ಮಾತು ತಲೆಯಲ್ಲಿ ಕೂತುಬಿಟ್ಟಿತು. ಬೈಬಲ್ ತೆಗೆದು ನೋಡಿದೆ. ಆಂಟಿ ಹೇಳಿದ್ದು ನಿಜ. ನಾಲ್ಕೂ ಸುವಾರ್ತೆಗಳಲ್ಲಿ ಭಾನುವಾರ ಬೆಳಗ್ಗೆ ಸಮಾಧಿಗೆ ಹೋಗುವವಳು ಮಗ್ದಲದ ಮರಿಯ. ಯೋಹಾನನನ್ನು ಬಿಟ್ಟರೆ ಉಳಿದ ಮೂವರೂ ಅವಳ ಜೊತೆ ಬೇರೆ ಹೆಂಗಸರೂ ಇದ್ದರು ಅನ್ನುತ್ತಾರೆ. ಅವರು ಪವಾಡ ನೋಡಲು ಹೋದದ್ದಲ್ಲ. ಮಾರ್ಕ, ಲೂಕರ ಪ್ರಕಾರ ಹೆಣಕ್ಕೆ ಸುಗಂಧದ್ರವ್ಯ ಹಚ್ಚಲು ಹೋದದ್ದು. ಸಮಾಧಿ ಖಾಲಿ! ಓಡಿಬಂದು ಶಿಷ್ಯರಿಗೆ ಹೇಳಿದರೆ, ಅವರು ನಂಬಲಿಲ್ಲ ಅಂತ ಲೂಕನೇ ಬರೆದಿದ್ದಾನೆ.

ಒಂದು ಮಾತು ಇಲ್ಲೇ ಹೇಳಿಬಿಡಬೇಕು. ಪುನರುತ್ಥಾನ ಅಂದರೆ ನಾವು ಹೇಳುವ ಪುನರ್ಜನ್ಮ ಅಲ್ಲ. ಆತ್ಮ ಹಳೇ ಬಟ್ಟೆ ಕಳಚಿ ಹೊಸದು ತೊಡುವುದಲ್ಲ. ಸತ್ತ ದೇಹವೇ ಹೊಸದಾಗಿ ಏಳುತ್ತದೆ ಅನ್ನುವ ನಂಬಿಕೆ. ಹಾಗಾಗಿ ಅಲ್ಲಿ ದೇಹಕ್ಕೆ ಬೆಲೆ ಇದೆ, ದೇಹದ ಆರೈಕೆಗೂ ಬೆಲೆ ಇದೆ.

ಆರೈಕೆಗೆ ಹೋದವರೇ ಸುದ್ದಿ ತಂದರು, ಸರಿ. ಆದರೆ ಸುದ್ದಿ ತಂದವರ ಗತಿ ಏನಾಯ್ತು ನೋಡಿ. ಕ್ರಿ.ಶ. 55ರ ಸುಮಾರಿಗೆ ಪೌಲ ಕೊರಿಂಥದವರಿಗೆ ಬರೆದ ಪತ್ರದಲ್ಲಿ, ಎದ್ದು ಬಂದ ಯೇಸುವನ್ನು ಕಂಡವರ ಪಟ್ಟಿ ಇದೆ. ಪೇತ್ರ ಇದ್ದಾನೆ, ಹನ್ನೆರಡು ಮಂದಿ ಇದ್ದಾರೆ, ಯಾಕೋಬ ಇದ್ದಾನೆ. ಮರಿಯಳ ಹೆಸರಿಲ್ಲ! (ಅದೇ ಪೌಲ ರೋಮ್‌ನವರಿಗೆ ಬರೆದ ಪತ್ರದಲ್ಲಿ ಫೊಯಿಬೆ ಎಂಬಾಕೆಯನ್ನು ಸಭೆಯ ಸೇವಕಿ ಅಂತ ಹೊಗಳುತ್ತಾನೆ, ಅದೂ ನಿಜ.) ಕ್ರಿ.ಶ. 591ರಲ್ಲಿ ಪೋಪ್ ಗ್ರೆಗೊರಿ ತಮ್ಮ ಪ್ರವಚನದಲ್ಲಿ ಮರಿಯಳನ್ನು ಬೇರೊಬ್ಬ 'ಪಾಪಿ ಹೆಂಗಸಿನ' ಜೊತೆ ಸೇರಿಸಿ ಒಬ್ಬಳನ್ನಾಗಿ ಮಾಡಿಬಿಟ್ಟರು. ಕ್ಯಾಥೊಲಿಕ್ ಪಂಚಾಂಗದಲ್ಲಿ ಆ ಗೊಂದಲ ತಿಳಿಯಾದದ್ದು 1969ರಲ್ಲಿ. ಅವಳ ದಿನವಾದ ಜುಲೈ 22ಕ್ಕೆ ಅಪೊಸ್ತಲರ ಹಬ್ಬಗಳ ಸಮಾನ ಸ್ಥಾನ ಸಿಕ್ಕಿದ್ದು 2016ರಲ್ಲಿ.

ಇದೆಲ್ಲಾ ದೂರದ ಕಥೆ ಅಂದುಕೊಳ್ಳಬೇಡಿ. ಬಳ್ಳಾರಿ ರಸ್ತೆಯಲ್ಲಿ ಹೆಬ್ಬಾಳದ ಕಡೆ ಹೋಗುವಾಗ ಬ್ಯಾಪ್ಟಿಸ್ಟ್ ಆಸ್ಪತ್ರೆ ನೋಡಿರುತ್ತೀರಿ. ಅಮೆರಿಕದ ಸದರ್ನ್ ಬ್ಯಾಪ್ಟಿಸ್ಟರು 1973ರಲ್ಲಿ ಶುರು ಮಾಡಿದ ಆಸ್ಪತ್ರೆ ಅದು. ಮರುವರ್ಷ ಅಲ್ಲಿಗೆ ಬಂದವರು ಸರ್ಜನ್ ಡಾ. ರೆಬೆಕಾ ನೇಯ್ಲರ್. ಟೆಕ್ಸಾಸ್‌ನವರು. ಅವರ ತಂದೆ ಅಲ್ಲಿನ ದೊಡ್ಡದೊಂದು ಬ್ಯಾಪ್ಟಿಸ್ಟ್ ಸೆಮಿನರಿಯ ಅಧ್ಯಕ್ಷರು, ಅಂದರೆ ಪಾಸ್ಟರುಗಳನ್ನು ತಯಾರು ಮಾಡುವ ಕಡೆಯವರು. ಮಗಳು ಹಿಡಿದದ್ದು ಕತ್ತರಿ, ಸೂಜಿ. ಸುಮಾರು ಮೂರು ದಶಕ ಬೆಂಗಳೂರಿನ ಜೊತೆ ಇದ್ದು, ಆಪರೇಷನ್ ಮಾಡಿ, ಆಸ್ಪತ್ರೆಯ ಆಡಳಿತವನ್ನೂ ನಡೆಸಿದರು. ಅಲ್ಲಿನ ನರ್ಸಿಂಗ್ ಶಾಲೆಗೆ ಅವರದೇ ಹೆಸರು. 1989ರಲ್ಲಿ ಆಸ್ಪತ್ರೆಯ ಆಡಳಿತ ವೆಲ್ಲೂರಿನ ಸಿ.ಎಂ.ಸಿ.ಗೆ ಹೋಯಿತು. ಆ ಸಂಸ್ಥೆ ಕಟ್ಟಿದವರೂ ಒಬ್ಬ ಹೆಂಗಸೇ, ಐಡಾ ಸ್ಕಡರ್.

ಇಂಥವರನ್ನು ಕಳಿಸಿಕೊಟ್ಟ ಅದೇ ಸದರ್ನ್ ಬ್ಯಾಪ್ಟಿಸ್ಟ್ ಸಭೆ, 2000ದಲ್ಲಿ ಪಾಸ್ಟರ್ ಹುದ್ದೆ ಗಂಡಸರಿಗೆ ಮಾತ್ರ ಅಂತ ತನ್ನ ನಂಬಿಕೆಯ ಹೇಳಿಕೆಯಲ್ಲೇ ಬರೆದುಕೊಂಡಿತು. 2023ರಲ್ಲಿ ಹೆಂಗಸನ್ನು ಪಾಸ್ಟರ್ ಮಾಡಿಕೊಂಡಿದ್ದಕ್ಕೆ ತನ್ನ ಅತಿ ದೊಡ್ಡ ಚರ್ಚುಗಳಲ್ಲೊಂದಾದ ಸ್ಯಾಡಲ್‌ಬ್ಯಾಕನ್ನೇ ಹೊರಗಿಟ್ಟಿತು. ದೇಹ ಕೊಯ್ದು ಹೊಲಿಯಲು ಆಗುತ್ತೆ, ಪಾಸ್ಟರ್ ಅನ್ನಿಸಿಕೊಳ್ಳಲು ಮಾತ್ರ ಆಗಲ್ಲ! ಎಲ್ಲ ಚರ್ಚುಗಳೂ ಹಾಗಲ್ಲ, ಒಪ್ಪುತ್ತೇನೆ. 1947ರಲ್ಲಿ ಹುಟ್ಟಿದ ನಮ್ಮ ದಕ್ಷಿಣ ಭಾರತ ಸಭೆಯಲ್ಲಿ (ಸಿ.ಎಸ್.ಐ.) ಹೆಂಗಸರಿಗೆ ಗುರುದೀಕ್ಷೆ ಇದೆ. 2013ರಲ್ಲಿ ಆಂಧ್ರದ ನಂದ್ಯಾಲದಲ್ಲಿ ಪುಷ್ಪಲಲಿತಾ ಅವರು ಆ ಸಭೆಯ ಮೊದಲ ಮಹಿಳಾ ಬಿಷಪ್ ಆದರು.

ಬೈಬಲ್ಲಿನಲ್ಲೇ ಹೆಂಗಸರು ಸಭೆಯಲ್ಲಿ ಸುಮ್ಮನಿರಲಿ ಅನ್ನುವ ಮಾತುಗಳಿವೆ, ಅದಕ್ಕೇ ಈ ನಿಯಮ ಅಂತ ವಾದಿಸುವವರಿದ್ದಾರೆ. ಇವೆ, ಸುಳ್ಳಲ್ಲ. ಆದರೆ ಹೊರಗೆ ನಿಂತು ನೋಡುವ ನನಗೆ ಅನ್ನಿಸುವುದಿಷ್ಟು. ಆ ಬೆಳಗ್ಗೆ ಹೆಂಗಸರು ಸುಮ್ಮನಿದ್ದಿದ್ದರೆ, ಉಳಿದ ಮಾತುಗಳನ್ನು ಬರೆಯಲು ಕಾರಣವೇ ಇರುತ್ತಿರಲಿಲ್ಲವಲ್ಲ?

ಆಂಟಿ ಈಗಿಲ್ಲ. ಹಿಂದೊಮ್ಮೆ ಗಂಡನ ಸಮಾಧಿಗೆ ಹೋಗಿ ಬಂದು ನಮ್ಮ ಗೇಟಿನ ಹತ್ತಿರ ನಿಂತು, "ಸತ್ತಿದ್ದಾರೆ ಅಂತ ಅಳೋಕೆ ಹೋಗಲ್ಲಪ್ಪಾ, ಏಳ್ತಾರೆ ಅಂತ ಹೇಳಿ ಬರೋಕೆ ಹೋಗೋದು" ಅಂದಿದ್ದರು. ಪಾಸ್ಟರುಗಳ ಎಷ್ಟು ಪ್ರವಚನ ಕೇಳಿದ್ದರೋ ಗೊತ್ತಿಲ್ಲ. ನಾನು ಕೇಳಿದ ಈಸ್ಟರ್ ಪ್ರವಚನ ಮಾತ್ರ ಅದೊಂದೇ.