ಬಿಯರ್ ತಯಾರಿಕೆ: ವಿಜ್ಞಾನ, ವೈದ್ಯಕೀಯಗಳ ಮೇಲಿನ ಪ್ರಭಾವ

ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯ ರಸವನ್ನು ಯೀಸ್ಟಿನಿಂದ ಹುದುಗಿಸಿ ಬಿಯರ್ ತಯಾರಿಸುವ ಉದ್ಯಮದಿಂದ ಸೂಕ್ಷ್ಮಜೀವಿಶಾಸ್ತ್ರ, ಜೀವರಸಾಯನಶಾಸ್ತ್ರ, ಸಂಖ್ಯಾಶಾಸ್ತ್ರ ಮತ್ತು ವೈದ್ಯಕೀಯಕ್ಕೆ ಸಂದ ಕೊಡುಗೆಗಳ ಚರಿತ್ರೆ. ಜನಪ್ರಿಯ ಬರಹಗಳಲ್ಲಿ ಇದು ಹೆಚ್ಚಾಗಿ ಬಿಯರಿನ ಔಷಧಗುಣಗಳ ವರ್ಣನೆಯಾಗಿಬಿಡುತ್ತದೆ. ಕೊಡುಗೆಯ ಬಹುಪಾಲಿಗೆ ನಿಜವಾದ ಕಾರಣ, ಪ್ರತಿ ಪೀಪಾಯಿಯ ರುಚಿಯೂ ಒಂದೇ ಆಗಿರಬೇಕೆಂಬ ದೊಡ್ಡ ಕಾರ್ಖಾನೆಗಳ ಹಟ.

ಪ್ರಾಚೀನ ಕಾಲದ ಮಟ್ಟಿಗೆ ಚರ್ಚೆಯಲ್ಲಿರುವುದು ಸುಡಾನಿನ ನ್ಯೂಬಿಯಾದಲ್ಲಿ ಸಿಕ್ಕ, ಕ್ರಿ.ಶ. 350ರ ಸುಮಾರಿನ ಮೂಳೆಗಳು. ಅತಿನೇರಳೆ ಬೆಳಕಿನಲ್ಲಿ ಇವು ಹಳದಿ ಹಸಿರಾಗಿ ಹೊಳೆಯುವುದು ಟೆಟ್ರಾಸೈಕ್ಲಿನ್ ಪ್ರತಿಜೀವಕದ ಗುರುತೆಂದು 1980ರಲ್ಲಿ ವರದಿಯಾಯಿತು. ಹೂತ ಮೇಲೆ ಮಣ್ಣಿನಿಂದ ಸೇರಿರಬಹುದೆಂಬ ಆಕ್ಷೇಪ ಎದ್ದಿತು. 2010ರ ರಾಸಾಯನಿಕ ವಿಶ್ಲೇಷಣೆ ಮೂಳೆಯೊಳಗೆ ಟೆಟ್ರಾಸೈಕ್ಲಿನ್ ಇರುವುದನ್ನು ದೃಢಪಡಿಸಿತು. ಧಾನ್ಯದಲ್ಲಿ ಬೆಳೆದ ಸ್ಟ್ರೆಪ್ಟೊಮೈಸಿಸ್ ಬ್ಯಾಕ್ಟೀರಿಯಾದಿಂದ ಹುಟ್ಟಿ ಬಿಯರಿನ ಮೂಲಕ ಅದು ಒಡಲು ಸೇರಿತೆಂಬುದು ಊಹೆ, ಆದರೆ ಗಟ್ಟಿಯಾದ ಊಹೆ. ಮದ್ದೆಂದು ತಿಳಿದೇ ಅಲ್ಲಿನ ಜನ ಅದನ್ನು ಕುಡಿಯುತ್ತಿದ್ದರು ಎನ್ನಲು ಮಾತ್ರ ಆಧಾರವಿಲ್ಲ.

ಯೀಸ್ಟಿಗೆ ಜೀವವಿದೆ ಎಂಬುದನ್ನು ಫ್ರಾನ್ಸಿನ ವಿಜ್ಞಾನಿ ಪಾಶ್ಚರ್ ಕಂಡುಹಿಡಿದನೆನ್ನುವುದು ವಾಡಿಕೆ. ಅವನಿಗಿಂತ ಮೊದಲೇ, 1837ರ ಸುಮಾರಿಗೆ, ಫ್ರಾನ್ಸಿನ ಕಾನ್ಯಾರ್ ದ ಲಾ ತೂರ್, ಜರ್ಮನಿಯ ಶ್ವಾನ್ ಮತ್ತು ಕ್ಯೂಟ್ಸಿಂಗ್ ಬೇರೆಬೇರೆಯಾಗಿ ಇದೇ ತೀರ್ಮಾನಕ್ಕೆ ಬಂದಿದ್ದರು. ಹುದುಗುವುದು ಬರಿಯ ರಾಸಾಯನಿಕ ಕ್ರಿಯೆ ಎಂದು ನಂಬಿದ್ದ ರಸಾಯನಶಾಸ್ತ್ರಜ್ಞರಾದ ಲೀಬಿಗ್ ಮತ್ತು ವೋಲರ್ 1839ರಲ್ಲಿ ತಮ್ಮದೇ ಪತ್ರಿಕೆಯಲ್ಲಿ ಹೆಸರು ಹಾಕದೆ ಒಂದು ಅಣಕವನ್ನು ಅಚ್ಚು ಹಾಕಿಸಿದರು: ಭಟ್ಟಿಪಾತ್ರೆಯ ಆಕಾರದ ಪುಟ್ಟ ಪ್ರಾಣಿಗಳು ಸಕ್ಕರೆ ತಿಂದು, ಹಿಂದಿನಿಂದ ಮದ್ಯಸಾರ ವಿಸರ್ಜಿಸುತ್ತವೆ. ಗಂಭೀರ ಪತ್ರಿಕೆಯಲ್ಲಿ ಇಷ್ಟು ಒರಟಾದ ಹಾಸ್ಯ ಅಪರೂಪ.

ಲಂಡನ್ನಿನ ಬ್ರಾಡ್ ಸ್ಟ್ರೀಟಿನಲ್ಲಿ 1854ರಲ್ಲಿ ಕಾಲರಾ ಹಬ್ಬಿದಾಗ ಅಲ್ಲಿನ ಬ್ರೂವರಿಯ (ಬಿಯರ್ ಕಾರ್ಖಾನೆಯ) 70ಕ್ಕೂ ಹೆಚ್ಚು ಕೆಲಸಗಾರರಲ್ಲಿ ಒಬ್ಬನೂ ಸಾಯಲಿಲ್ಲವೆಂದು ವೈದ್ಯ ಜಾನ್ ಸ್ನೋ ದಾಖಲಿಸಿದ. ಬಿಯರ್ ರೋಗವನ್ನು ವಾಸಿಮಾಡಿತೆಂದು ಇದಕ್ಕೆ ಅರ್ಥ ಹಚ್ಚಬಾರದು. ಅವರಿಗೆ ಕುಡಿಯಲು ಬಿಯರ್ ಪುಕ್ಕಟೆ ಸಿಗುತ್ತಿತ್ತು, ಆವರಣದಲ್ಲಿ ಬೇರೆ ಬಾವಿಯೂ ಇತ್ತು, ರಸ್ತೆಯ ಕೊಳಕು ಪಂಪಿನ ನೀರು ಅವರಿಗೆ ಬೇಕಾಗಲಿಲ್ಲ.

ಪಾಶ್ಚರೀಕರಣ ಬಿಯರಿನಿಂದ ಹುಟ್ಟಿತೆಂಬ ಹೇಳಿಕೆಯನ್ನೂ ತಿದ್ದಬೇಕು. ಕಾಯಿಸಿ ಕೆಡದಂತೆ ಇಡುವ ವಿಧಾನಕ್ಕೆ ಪಾಶ್ಚರ್ 1865ರಲ್ಲಿ ಪೇಟೆಂಟ್ ಪಡೆದದ್ದು ದ್ರಾಕ್ಷಾರಸಕ್ಕಾಗಿ. ಬಿಯರನ್ನು ಕೈಗೆತ್ತಿಕೊಂಡದ್ದು ಪ್ರಷ್ಯಾದೊಂದಿಗಿನ ಯುದ್ಧದಲ್ಲಿ ಫ್ರಾನ್ಸ್ ಸೋತ ಮೇಲೆ, ಜರ್ಮನಿಯ ಬಿಯರನ್ನು ಮೀರಿಸುವ ಛಲದಿಂದ. 1871ರಲ್ಲಿ ಲಂಡನ್ನಿನ ವಿಟ್‌ಬ್ರೆಡ್ ಬ್ರೂವರಿಗೆ ಹೋಗಿ ಅಲ್ಲಿನ ಯೀಸ್ಟನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಅದರಲ್ಲಿ ದೋಷವಿದೆಯೆಂದ. ವಾರದೊಳಗೆ ಅವನು ಮತ್ತೆ ಬರುವಷ್ಟರಲ್ಲಿ ವ್ಯವಸ್ಥಾಪಕರು ತಾವೇ ಒಂದು ಸೂಕ್ಷ್ಮದರ್ಶಕವನ್ನು ಕೊಂಡಿದ್ದರು. ಬಿಯರನ್ನು ಕುರಿತ ಅವನ ಗ್ರಂಥ ಹೊರಬಂದದ್ದು 1876ರಲ್ಲಿ.

ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಬ್ರೂವರಿಯ ಒಡೆಯ ಯಾಕೋಬ್ಸನ್ 1875ರಲ್ಲಿ ಪ್ರಯೋಗಾಲಯ ಆರಂಭಿಸಿದ. ಬಿಯರ್ ಕೆಡಲು ಬ್ಯಾಕ್ಟೀರಿಯಾ ಮಾತ್ರವಲ್ಲ, ಕಾಡು ಯೀಸ್ಟೂ ಕಾರಣವೆಂದು ಅಲ್ಲಿ ಎಮಿಲ್ ಹಾನ್ಸೆನ್ ತೋರಿಸಿದ. 1883ರಲ್ಲಿ ಒಂದೇ ಕೋಶದಿಂದ ಬೆಳೆಸಿದ ಶುದ್ಧ ಯೀಸ್ಟನ್ನು ಉತ್ಪಾದನೆಗೆ ಇಳಿಸಿದ. ಯಾಕೋಬ್ಸನ್ ಅದನ್ನು ಬೇರೆ ಬ್ರೂವರಿಗಳಿಗೂ ಹಂಚಿದ. ಅದೇ ವರ್ಷ ಅಲ್ಲಿಯೇ ಯೊಹಾನ್ ಕೆಲ್ಡಾಲ್ ಧಾನ್ಯದ ಪ್ರೋಟೀನ್ ತಿಳಿಯಲು ಸಾರಜನಕವನ್ನು ಅಳೆಯುವ ವಿಧಾನ ರೂಪಿಸಿದ: ಮಾದರಿಯನ್ನು ಗಂಧಕಾಮ್ಲದಲ್ಲಿ ಕುದಿಸಿ, ಕ್ಷಾರ ಬೆರೆಸಿ, ಹೊರಬರುವ ಅಮೋನಿಯವನ್ನು ಅಳೆಯುವುದು. ಆಹಾರ ಪರೀಕ್ಷೆಯಲ್ಲಿ ಇದು ಇನ್ನೂ ಚಾಲ್ತಿಯಲ್ಲಿದೆ. ಸಾರಜನಕ ಪ್ರೋಟೀನಿನದೋ ಅಲ್ಲವೋ ಎಂದು ಹೇಳಲಾರದ ಇದರ ದೌರ್ಬಲ್ಯವನ್ನೇ 2008ರಲ್ಲಿ ಚೀನಾದಲ್ಲಿ ಹಾಲಿಗೆ ಸಾರಜನಕವುಳ್ಳ ಮೆಲಮೈನ್ ಬೆರೆಸಿದವರು ಬಳಸಿಕೊಂಡರು. ಆಮ್ಲೀಯತೆಯ ಪಿಎಚ್ ಮಾಪನವೂ ಇದೇ ಪ್ರಯೋಗಾಲಯದ್ದು, ಸೋರೆನ್ಸೆನ್, 1909.

ಡಬ್ಲಿನ್ನಿನ ಗಿನ್ನೆಸ್ ಬ್ರೂವರಿಗೆ 1899ರಲ್ಲಿ ಸೇರಿದ ವಿಲಿಯಂ ಗಾಸೆಟ್‌ನ ಎದುರಿಗಿದ್ದ ತೊಡಕು ಬೇರೆ. ಬಾರ್ಲಿಯ ತಳಿಗಳನ್ನು ಹೋಲಿಸಲು ಸಿಗುತ್ತಿದ್ದುದು ಬೆರಳೆಣಿಕೆಯ ತಾಕುಗಳು. ಆಗಿನ ಸಂಖ್ಯಾಶಾಸ್ತ್ರವೋ ದೊಡ್ಡ ಮಾದರಿಗಳನ್ನೇ ಬೇಡುತ್ತಿತ್ತು. ಸಣ್ಣ ಮಾದರಿಗೆ ಒಪ್ಪುವ ಅವನ ಲೆಕ್ಕ 1908ರಲ್ಲಿ ಪ್ರಕಟವಾಯಿತು. ನೌಕರರು ಸ್ವಂತ ಹೆಸರಿನಲ್ಲಿ ಬರೆಯಲು ಕಂಪನಿ ಬಿಡದ ಕಾರಣ ‘ಸ್ಟೂಡೆಂಟ್’ ಎಂದು ಹಾಕಿಕೊಂಡ. ಅವನ ಸೂತ್ರಕ್ಕೆ ಇಂದಿನ ‘ಟಿ’ ಪರೀಕ್ಷೆಯ ರೂಪ ಕೊಟ್ಟವನು ಆಮೇಲೆ ಬಂದ ಸಂಖ್ಯಾಶಾಸ್ತ್ರಜ್ಞ ಫಿಶರ್. ಲೇಖನದಲ್ಲಿ ಉದಾಹರಣೆಯಾಗಿ ಬಳಸಿದ್ದು ಬಾರ್ಲಿಯ ಅಂಕಿಗಳನ್ನಷ್ಟೇ ಅಲ್ಲ, ನಿದ್ದೆಯ ಮದ್ದು ತೆಗೆದುಕೊಂಡ 10 ರೋಗಿಗಳ ಅಂಕಿಗಳನ್ನೂ. ಮದ್ದುಗಳ ಹೆಸರನ್ನು ಗಾಸೆಟ್ ತಪ್ಪಾಗಿ ನಮೂದಿಸಿದ್ದ. ಫಿಶರ್‌ನ 1925ರ ಪಠ್ಯದಲ್ಲಿಯೂ ಅದೇ ತಪ್ಪು ಮುಂದುವರಿಯಿತು. ಔಷಧ ಪರೀಕ್ಷೆಗಳಲ್ಲಿ ಈ ವಿಧಾನದ ಬಳಕೆ ಈಗ ದಿನನಿತ್ಯದ್ದು.

ಭೌತಶಾಸ್ತ್ರದ ಕಡೆಯಿಂದ ಸಾಲ್‌ಫರ್ಡಿನ ಬ್ರೂವರಿ ಮನೆತನದ ಜೇಮ್ಸ್ ಜೂಲ್, ಬ್ರೂವರಿಗಳಿಗಾಗಿ ಶೈತ್ಯಯಂತ್ರ ರೂಪಿಸಿದ ಕಾರ್ಲ್ ಫಾನ್ ಲಿಂಡ ಇವರ ಹೆಸರು ಸೇರುತ್ತದೆ. ಇಬ್ಬರ ಕಥೆಯೂ ಸುಪರಿಚಿತ.

ಅಷ್ಟು ಪರಿಚಿತವಲ್ಲದ್ದು ಮುಂಬಯಿಯ ಪ್ರಕರಣ. ಗಿರಣಿ ಕೆಲಸದ ಬಡ ಗರ್ಭಿಣಿಯರಲ್ಲಿ ಕಾಣುತ್ತಿದ್ದ ತೀವ್ರ ರಕ್ತಹೀನತೆಯನ್ನು ಅರಿಯಲು ಇಂಗ್ಲೆಂಡಿನ ವೈದ್ಯೆ ಲೂಸಿ ವಿಲ್ಸ್ 1928ರಲ್ಲಿ ಅಲ್ಲಿಗೆ ಬಂದರು. ಬ್ರೂವರಿಗಳಲ್ಲಿ ಉಳಿದ ಯೀಸ್ಟಿನಿಂದ ಇಂಗ್ಲೆಂಡಿನಲ್ಲಿ ತಯಾರಾಗುವ ಅಗ್ಗದ ಮಾರ್ಮೈಟ್ ಲೇಹ್ಯವನ್ನು ಮೊದಲು ಕೋತಿಗೆ, ಬಳಿಕ ರೋಗಿಗಳಿಗೆ ಕೊಟ್ಟಾಗ ರಕ್ತ ಚೇತರಿಸಿತು. 1931ರಲ್ಲಿ ಇದು ಪ್ರಕಟವಾಯಿತು. ಇದರ ಹಿಂದಿದ್ದ ಪೋಷಕಾಂಶವೇ ಫೋಲೇಟ್; 1941ರಲ್ಲಿ ಪಾಲಕ್ ಸೊಪ್ಪಿನಿಂದ ಅದನ್ನು ಬೇರ್ಪಡಿಸಲಾಯಿತು. ಇಂದು ಗರ್ಭಿಣಿಯರಿಗೆ ಕೊಡುವ ಫೋಲಿಕ್ ಆಮ್ಲದ ಮಾತ್ರೆಯ ಬೇರು ಇಲ್ಲಿದೆ.

ಯೀಸ್ಟ್ ಕೋಶದಲ್ಲಿ ತಯಾರಿಸಿದ ಹೆಪಟೈಟಿಸ್ ಬಿ ಲಸಿಕೆ 1986ರಲ್ಲಿ ಬಳಕೆಗೆ ಬಂತು. ಅದೇ ಯೀಸ್ಟಿನ ಪೂರ್ಣ ಜೀನೋಮ್ 1996ರಲ್ಲಿ ಸಿದ್ಧವಾಯಿತು. ಬೆಂಗಳೂರಿನಲ್ಲಿ 1978ರಲ್ಲಿ ಬಯೋಕಾನ್ ಆರಂಭಿಸಿದ ಕಿರಣ್ ಮಜುಂದಾರ್ ಶಾ ಆಸ್ಟ್ರೇಲಿಯಾದಲ್ಲಿ ಬಿಯರ್ ತಯಾರಿಕೆಯನ್ನು ಓದಿದವರು. ಹೆಣ್ಣೆಂಬ ಕಾರಣಕ್ಕೆ ಭಾರತದ ಬ್ರೂವರಿಗಳಲ್ಲಿ ಅವರಿಗೆ ಆ ಕೆಲಸ ಸಿಗಲಿಲ್ಲ. ಕಂಪನಿಯ ಮೊದಲ ಸರಕುಗಳು ಪಪಾಯಿಯ ಪಪೇನ್ ಕಿಣ್ವ ಮತ್ತು ಮೀನಿನ ಗಾಳಿಚೀಲದಿಂದ ತೆಗೆದ ಐಸಿಂಗ್‌ಗ್ಲಾಸ್. ಎರಡೂ ಬಿಯರನ್ನು ತಿಳಿಗೊಳಿಸಲು ಬಳಕೆಯಾಗುವಂಥವು. 2004ರಲ್ಲಿ ಬಯೋಕಾನ್ ಮಾರುಕಟ್ಟೆಗೆ ತಂದ ಮಾನವ ಇನ್ಸುಲಿನ್ ಕೂಡ ಯೀಸ್ಟಿನಲ್ಲೇ ತಯಾರಾದದ್ದು, ಆದರೆ ಅದು ಪಿಚಿಯಾ ಎಂಬ ಬೇರೆ ಜಾತಿಯ ಯೀಸ್ಟ್.