ಜೀವಕೋಶದ ವಿದ್ಯುತ್ ಸ್ಥಾವರ ಮತ್ತು ಅದರ ದುರಸ್ತಿ ಪಡೆ

ರಾಯಚೂರು ಜಿಲ್ಲೆಯವರಿಗೆ, ಅದು ಮಾನ್ವಿ ಬಳಿಯ ಹಿರೇಕೊಟ್ನೆಕಲ್ ಇರಲಿ, ದೇವದುರ್ಗ ಇರಲಿ, ಶಕ್ತಿನಗರದ ಶಾಖೋತ್ಪನ್ನ ವಿದ್ಯುತ್ ಸ್ಥಾವರ ಪರಿಚಿತವೇ. ಅಲ್ಲಿ ಕಲ್ಲಿದ್ದಲು ಎಷ್ಟು ಮುಖ್ಯವೋ, ಸವೆದ ಭಾಗಗಳನ್ನು ಕಾಲಕಾಲಕ್ಕೆ ದುರಸ್ತಿ ಮಾಡುವುದೂ ಅಷ್ಟೇ ಮುಖ್ಯ. ನಮ್ಮ ಜೀವಕೋಶದ ಸ್ಥಾವರವಾದ ಮೈಟೊಕಾಂಡ್ರಿಯಕ್ಕೂ ಇದೇ ಮಾತು ಅನ್ವಯಿಸುತ್ತದೆ. ಆದರೆ ಅದರ ದುರಸ್ತಿ ಪಡೆ ವಿಜ್ಞಾನಿಗಳ ಕಣ್ಣಿಗೆ ಬೀಳಲು ಬಹಳ ಕಾಲ ಹಿಡಿಯಿತು.

1898ರಲ್ಲಿ ಜರ್ಮನಿಯ ಕಾರ್ಲ್ ಬೆಂಡಾ ಈ ಕಣಗಳಿಗೆ ಮೈಟೊಕಾಂಡ್ರಿಯ ಎಂಬ ಹೆಸರಿಟ್ಟರು. ಗ್ರೀಕಿನಲ್ಲಿ 'ಮೈಟೋಸ್' ಎಂದರೆ ದಾರ, 'ಕಾಂಡ್ರೋಸ್' ಎಂದರೆ ಕಾಳು. ಇವು ಶಕ್ತಿಯನ್ನು ಹೇಗೆ ಕೂಡಿಡುತ್ತವೆ ಎಂಬುದಕ್ಕೆ 1961ರಲ್ಲಿ ಉತ್ತರ ಸೂಚಿಸಿದವರು ಬ್ರಿಟನ್ನಿನ ಪೀಟರ್ ಮಿಚೆಲ್. ಒಳಪೊರೆಯ ಎರಡು ಬದಿಗಳ ನಡುವೆ ಸುಮಾರು 150 ಮಿಲಿವೋಲ್ಟ್ ವಿಭವಾಂತರವಿರುತ್ತದೆ. ಇದು ಅಲ್ಪವೆಂದು ತೋರೀತು. ಪೊರೆಯ ದಪ್ಪ ಸುಮಾರು 5 ನ್ಯಾನೋಮೀಟರ್ ಎಂದಿಟ್ಟು ನೀವೇ ಭಾಗಿಸಿ ನೋಡಿ: ಮೀಟರಿಗೆ 3 ಕೋಟಿ ವೋಲ್ಟ್! ಈ ಸಂಖ್ಯೆಯನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಮೈಟೊಕಾಂಡ್ರಿಯಕ್ಕೆ ತನ್ನದೇ ಡಿಎನ್‌ಎ ಇದೆ. ಆದರೆ 1981ರಲ್ಲಿ ಮಾನವನ ಆ ಡಿಎನ್‌ಎಯ ಪೂರ್ಣ ಅನುಕ್ರಮವನ್ನು ಓದಿದಾಗ, ಅದರಲ್ಲಿ ಕೇವಲ 13 ಪ್ರೋಟೀನುಗಳಿಗೆ ಸೂಚನೆಗಳಿರುವುದು ಸ್ಪಷ್ಟವಾಯಿತು. ಅದಕ್ಕೆ ಬೇಕಾದ ಉಳಿದ ಸಾವಿರಕ್ಕೂ ಹೆಚ್ಚು ಪ್ರೋಟೀನುಗಳು ಹೊರಗೆ ತಯಾರಾಗಿ ಬರಬೇಕು. ಅವುಗಳಲ್ಲಿ ಬಹಳಷ್ಟು ಬಿಚ್ಚಿದ ದಾರದಂತೆ ಒಳಸೇರಿ, ಅಲ್ಲಿ ಸರಿಯಾಗಿ ಮಡಿಕೆಗೊಳ್ಳಬೇಕು. ತಪ್ಪಾಗಿ ಮಡಿಕೆಗೊಂಡವು ಒಂದಕ್ಕೊಂದು ಅಂಟಿ ಗಂಟಾಗುತ್ತವೆ. ಕೋಳಿಮೊಟ್ಟೆಯ ಬಿಳಿಲೋಳೆ ಕಾಯಿಸಿದಾಗ ಗಟ್ಟಿಯಾಗುವುದೂ ಇದೇ ಬಗೆಯ ಕ್ರಿಯೆ.

ಇದನ್ನು ತಡೆಯುವ ಬೆಂಗಾವಲು ಪ್ರೋಟೀನುಗಳಲ್ಲಿ ಎಚ್‌ಎಸ್‌ಪಿ-60ರ ಪಾತ್ರವನ್ನು 1989ರಲ್ಲಿ ಹಾರ್ಟ್ಲ್, ಹಾರ್ವಿಚ್ ಮತ್ತು ಸಂಗಡಿಗರು ಯೀಸ್ಟಿನಲ್ಲಿ ತೋರಿಸಿದರು. ಇನ್ನೊಂದು ಬೆಂಗಾವಲು ಪ್ರೋಟೀನನ್ನು 1993ರಲ್ಲಿ ಜಪಾನಿನಲ್ಲಿ ರೇಣು ವಾಧ್ವಾ ಮತ್ತು ಸಂಗಡಿಗರು ಗುರುತಿಸಿದರು. ಕೋಶಗಳು ಮುಪ್ಪಾಗಿ ವಿಭಜನೆ ನಿಲ್ಲಿಸುವುದಕ್ಕೂ ಅದಕ್ಕೂ ನಂಟು ಕಂಡದ್ದರಿಂದ ಅದು 'ಮಾರ್ಟಲಿನ್' ಎನಿಸಿಕೊಂಡಿತು.

ಈ ಕತೆಯಲ್ಲಿ ಕರ್ನಾಟಕಕ್ಕೂ ಪಾಲಿದೆ. ಪಾರ್ಕಿನ್ಸನ್ ರೋಗಿಗಳಲ್ಲಿ ಮಾರ್ಟಲಿನ್ನಿನ ಎರಡು ಬದಲಾದ ರೂಪಗಳು ಕಂಡುಬಂದಿದ್ದವು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ಯಾಟ್ರಿಕ್ ಡಿಸಿಲ್ವಾ ಅವರ ತಂಡ ಅವನ್ನು ಪರೀಕ್ಷಿಸಿ 2012ರಲ್ಲಿ ಫಲಿತಾಂಶ ಪ್ರಕಟಿಸಿತು. ಒಂದು ರೂಪ ದೇಹದ ಸಾಮಾನ್ಯ ಸ್ಥಿತಿಯಲ್ಲೇ ಗಂಟಾಗುತ್ತಿತ್ತು. ಮತ್ತೊಂದು ತನ್ನ ಸಹಾಯಕ ಪ್ರೋಟೀನುಗಳಿಗೆ ಅತಿಯಾಗಿ ಅಂಟಿಕೊಂಡು ಕೆಲಸದ ಲಯ ಕೆಡಿಸುತ್ತಿತ್ತು. ಯೀಸ್ಟಿನಲ್ಲಿ ಇವಕ್ಕೆ ಸಮನಾದ ಬದಲಾವಣೆ ಮಾಡಿದಾಗ ಪ್ರೋಟೀನುಗಳ ಒಳಸಾಗಣೆ ಕುಂದಿತು, ಮೈಟೊಕಾಂಡ್ರಿಯದ ಡಿಎನ್‌ಎ ನಷ್ಟವಾಯಿತು. ಕಾವಲುಗಾರನೇ ಕೆಟ್ಟರೆ ಕೋಟೆಯ ಗತಿ ಹೀಗೆ!

ಬೆಂಗಾವಲು ಸೋತಾಗ ಕತ್ತರಿಸುವ ಕಿಣ್ವಗಳು ಮುಂದೆ ಬರುತ್ತವೆ. ಅಂಥ ಒಂದು ಕಿಣ್ವ ಲಾನ್. ಮುದಿ ಇಲಿಗಳ ಸ್ನಾಯುವಿನಲ್ಲಿ ಇದು ಕಡಿಮೆಯಾಗಿರುವುದು 2002ರಲ್ಲಿ ವರದಿಯಾಯಿತು. ಅದೂ ಸಾಲದಾದರೆ ಇಡೀ ಮೈಟೊಕಾಂಡ್ರಿಯವೇ ವಿಸರ್ಜನೆ. ಯಾವುದನ್ನು ತೆಗೆಯಬೇಕೆಂದು ಕೋಶಕ್ಕೆ ತಿಳಿಯುವುದು ಹೇಗೆ? ಇಲ್ಲಿ ನಮ್ಮ ವಿಭವಾಂತರ ಮರಳಿ ಬರುತ್ತದೆ. ಅದು ಸರಿಯಿದ್ದರೆ ಪಿಂಕ್-1 ಎಂಬ ಪ್ರೋಟೀನು ಒಳಕ್ಕೆ ಸೆಳೆಯಲ್ಪಟ್ಟು ನಾಶವಾಗುತ್ತದೆ. ವಿಭವ ಕುಸಿದರೆ ಹೊರಪೊರೆಯ ಮೇಲೆಯೇ ಶೇಖರವಾಗಿ, ಪಾರ್ಕಿನ್ ಎಂಬ ಇನ್ನೊಂದು ಪ್ರೋಟೀನನ್ನು ಕರೆಯುತ್ತದೆ. ಹಾಳಾದ ಮೈಟೊಕಾಂಡ್ರಿಯಕ್ಕೆ ಪಾರ್ಕಿನ್ ಹೋಗಿ ಸೇರುವುದನ್ನು ಅಮೆರಿಕದ ರಿಚರ್ಡ್ ಯೂಲ್ ಅವರ ತಂಡ 2008ರಲ್ಲಿ ಕಂಡಿತು. ಈ ಎರಡು ಪ್ರೋಟೀನುಗಳ ಜೀನುಗಳಲ್ಲಿನ ದೋಷ ಚಿಕ್ಕ ವಯಸ್ಸಿನಲ್ಲೇ ಪಾರ್ಕಿನ್ಸನ್ ಕಾಯಿಲೆ ತರಬಲ್ಲದು ಎಂಬುದು ಅದಕ್ಕೂ ಮೊದಲೇ ತಿಳಿದಿತ್ತು.

ಹಾಗಾದರೆ ಮುಪ್ಪಿಗೆ ಇದೇ ಕಾರಣವೇ? ಆತುರ ಬೇಡ. ದುರಸ್ತಿ ಕುಂದಿದ್ದರಿಂದ ಮುಪ್ಪೋ, ಮುಪ್ಪಿನಿಂದ ದುರಸ್ತಿ ಕುಂದಿತೋ ಎಂಬ ಪ್ರಶ್ನೆ ಇನ್ನೂ ಪೂರ್ತಿ ಇತ್ಯರ್ಥವಾಗಿಲ್ಲ. 'ಯೌವನ ಮರಳಿಸುವ' ಮಾತ್ರೆಗಳ ಜಾಹೀರಾತು ನೋಡುವಾಗ ಇದು ನೆನಪಿರಲಿ. ಶಿಕ್ಷಕರೇ, ತರಗತಿಯಲ್ಲಿ ಮೈಟೊಕಾಂಡ್ರಿಯವನ್ನು 'ಶಕ್ತಿಕೇಂದ್ರ' ಎಂದು ಹೇಳಿ ನಿಲ್ಲಿಸದಿರಿ. ಆ ಕೇಂದ್ರವನ್ನು ದುರಸ್ತಿ ಮಾಡುವವರು ಯಾರು ಎಂದು ವಿದ್ಯಾರ್ಥಿಗಳನ್ನು ಕೇಳಿ. ಜೀವವಿಜ್ಞಾನದ ಆ ಪ್ರಶ್ನೆಗೆ ಉತ್ತರದ ಒಂದು ಭಾಗ ಭೌತವಿಜ್ಞಾನದ ಪಾಠದಲ್ಲೇ ಇದೆ.